ಕುರಿಂಜಿಯ ಚರಿತ್ರೆ

ಖಾನಾಪುರ ತಾಲೂಕಿನ ಅಡವಿಸೀಮೆಯಲ್ಲಿ ನಾನು ಶಿಕ್ಷಕನಾಗಿದ್ದ ಆರಂಭದ ವರ್ಷಗಳಲ್ಲಿ ಒಂದು ದಿವಸ, ಜಾಂಬೋಟಿಯಿಂದ ಕಣಕುಂಬಿಗೆ ಹೋಗುವ ದಾರಿಗೆ ಸಮೀಪದ ಒಂದು ಹಳ್ಳಿಯಲ್ಲಿ, ಮಳೆ ನಿಲ್ಲುವ ವರೆಗೆ ಒಬ್ಬ ವೃದ್ಧೆಯ ಮನೆಯ ಜಗಲಿಯ ಮೇಲೆ ಕುಳಿತುಕೊಳ್ಳಬೇಕಾಯಿತು. ಆ ಮನೆಯ ಹೊರಗೋಡೆಯು ಕಲ್ಲಿನದಲ್ಲ, ಇಟ್ಟಂಗಿಯದೂ ಅಲ್ಲ. ಸಣ್ಣ ಕೋಲುಗಳನ್ನು ಒತ್ತಾಗಿ ನಿಲ್ಲಿಸಿ ಹೆಣೆದು, ಅದರ ಮೇಲೆ ಮಣ್ಣು ಮತ್ತು ಸೆಗಣಿಯನ್ನು ಮೆತ್ತಿದ ಗೋಡೆ. ಇದನ್ನು ಕಟ್ಟಿ ಎಷ್ಟು ವರ್ಷಗಳಾದವೆಂದು ಮಾತಿಗೆ ಮಾತಾಗಿ ಕೇಳಿದೆನು. ಆಕೆಯು ವರ್ಷಗಳ ಲೆಕ್ಕ ಹೇಳಲಿಲ್ಲ. "ಎರಡ ಕಾರವಿ ಆದವ್ರಿ ಮಾಸ್ತರ" ಎಂದಳು.

ಈ ಉತ್ತರದ ಅರ್ಥವು ನನಗೆ ಆಗ ತಿಳಿಯಲಿಲ್ಲ. ಕಾರವಿ ಎಂಬದು ಸಹ್ಯಾದ್ರಿಯ ಇಳಿಜಾರುಗಳಲ್ಲಿ ಆಳೆತ್ತರಕ್ಕೂ ಮೀರಿ ಪೊದೆಪೊದೆಯಾಗಿ ಬೆಳೆಯುವ ಒಂದು ಗಿಡ; ಅದರ ಕೋಲುಗಳೇ ಆ ಗೋಡೆಯ ಎಲುಬುಗಳು. ಈ ಗಿಡವು ಏಳು ವರ್ಷ ಎಲೆಯನ್ನಷ್ಟೇ ತೋರಿಸಿ, ಎಂಟನೆಯ ವರ್ಷ ಮಳೆಗಾಲದ ಕಡೆಗೆ ಬೆಟ್ಟಕ್ಕೆ ಬೆಟ್ಟವೇ ನೇರಿಳೆ ಸೀರೆ ಉಟ್ಟಂತೆ ಒಮ್ಮೆಲೇ ಹೂಬಿಟ್ಟು, ಬೀಜವಾಗಿ, ಒಣಗಿಹೋಗುವದು. ವೃದ್ಧೆಯು ಹೇಳಿದ್ದು ಇಷ್ಟೇ: ಗೋಡೆ ಕಟ್ಟಿದ ಮೇಲೆ ಈ ಹೂವು ಎರಡು ಸಲ ಬಂದುಹೋಗಿದೆ, ಅರ್ಥಾತ್ ಹದಿನೈದು ಹದಿನಾರು ವರ್ಷ. ಪಾಠಶಾಲೆಯಲ್ಲಿ ತಿಥಿ-ವಾರ-ನಕ್ಷತ್ರಗಳ ಗಣಿತವನ್ನು ಕಲಿತು ಬಂದ ನನಗೆ, ಕಾಲಗಣನೆಯ ಇಂಥದೊಂದು ಕ್ರಮವು ಅಡವಿಯ ಜನರ ಮನೆಯ ಬಾಗಿಲಲ್ಲಿಯೇ ಇರುವದೆಂದು ಅಂದೇ ತಿಳಿಯಿತು.

ಕಾರವಿಯು ವಿಪುಲವಾಗಿ ಬೆಳೆಯುವ ಗಿಡ. ಅದು ಅಳಿದುಹೋದೀತೆಂಬ ಭಯವು ಸದ್ಯಕ್ಕೆ ಇಲ್ಲ. ಆದರೆ ಅದರ ದಾಯಾದಿಯಾದ ಇನ್ನೊಂದು ಗಿಡ ಉಂಟು. ಅದು ನಮ್ಮ ಬೆಳಗಾವಿಯ ಸೀಮೆಯಲ್ಲಿ ಬೆಳೆಯುವದಿಲ್ಲ. ಯಾಕಂದರೆ ಅದಕ್ಕೆ ಬೇಕಾದಷ್ಟು ಎತ್ತರವು ನಮ್ಮಲ್ಲಿ ಇಲ್ಲ. ಬೆಳಗಾವಿ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರುಗಳ ಎತ್ತರದಲ್ಲಿದೆ. ಈ ಗಿಡವಾದರೋ ಸುಮಾರು ೧೩೪೦ ಮೀಟರಿನಿಂದ ೨೬೦೦ ಮೀಟರಿನ ವರೆಗಿನ ಶಿಖರಗಳ ತಂಪು ಹುಲ್ಲುಗಾವಲುಗಳಲ್ಲಿ ಮಾತ್ರ ವಾಸಿಸುವದು. ಅದಕ್ಕೆ ಕುರಿಂಜಿ ಎಂದು ಹೆಸರು. ಹೂವಿನ ಬಣ್ಣದಿಂದ ನೀಲಕುರಿಂಜಿ ಎಂದೂ ಕರೆಯುವರು. ೨೦೨೪ರಲ್ಲಿ ಇದರ ಹೆಸರು, ಲೋಕದಲ್ಲಿ ಅಳಿವಿನ ಅಂಜಿಕೆಯುಳ್ಳ ಜೀವಿಗಳ ಪಟ್ಟಿಯಲ್ಲಿ ಸೇರಿತು. ಆ ಸಂಗತಿಯ ಹಿಂದಿನ ಚರಿತ್ರೆಯನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶವು.

ಮೊದಲು ಗಿಡದ ಸ್ವರೂಪವನ್ನು ಹೇಳುವೆನು. ನಮ್ಮ ಪ್ರಾಚೀನ ಕೋಶಕಾರರು ಸಸ್ಯಗಳನ್ನು ವೃಕ್ಷ, ಗುಲ್ಮ, ಲತೆ, ಓಷಧಿ ಎಂದು ವಿಂಗಡಿಸಿರುವರು. ಗಟ್ಟಿಯಾದ ಬೊಡ್ಡೆಯಿಲ್ಲದೆ ಬುಡದಿಂದಲೇ ಕವಲೊಡೆಯುವಂಥದು ಗುಲ್ಮ. ಫಲವು ಪಕ್ವವಾದೊಡನೆ ತಾನು ಅಂತ್ಯ ಹೊಂದುವಂಥದು ಓಷಧಿ. ಭತ್ತ, ಗೋದಿ, ಜೋಳಗಳು ಈ ವರ್ಗದವು. ಕುರಿಂಜಿಯು ದೇಹದಿಂದ ಗುಲ್ಮ, ಮರಣದಿಂದ ಓಷಧಿ. ಜೋಳವು ಒಂದು ಬೆಳೆಗಾಲದಲ್ಲಿ ಮುಗಿಸುವ ಆಯುಷ್ಯವನ್ನು ಇದು ಹನ್ನೆರಡು ವರ್ಷಗಳ ವರೆಗೆ ಹಿಗ್ಗಿಸಿಕೊಂಡಿರುವದು. ಬಯಲಿನ ಗಾಳಿಯಲ್ಲಿ ಮೊಳಕಾಲೆತ್ತರಕ್ಕೆ ನಿಲ್ಲುವದು. ಹನ್ನೊಂದು ವರ್ಷ ಹಸುರಾಗಿರುವದು. ಹನ್ನೆರಡನೆಯ ವರ್ಷ ಅದರ ಕುಲಬಾಂಧವರೆಲ್ಲ ಕೂಡಿ ಏಕಕಾಲಕ್ಕೆ ಹೂಬಿಡುವರು. ಬಳಿಕ ಬೀಜ ಉದುರಿಸಿ ಎಲ್ಲರೂ ಏಕಕಾಲಕ್ಕೆ ಒಣಗುವರು. ಮುಂದಿನ ಮಳೆಗೆ ಆ ಬೀಜಗಳು ಮೊಳೆತು ಹೊಸ ಸಂತತಿಯು ಆರಂಭವಾಗುವದು. ಬಾಳೆಯೂ ಬಿದಿರೂ ಫಲ ಕೊಟ್ಟು ಸಾಯುತ್ತವೆಂಬ ದೃಷ್ಟಾಂತವನ್ನು ಸಂಸ್ಕೃತ ಗ್ರಂಥಗಳನ್ನು ಓದಿದವರೆಲ್ಲರೂ ಬಲ್ಲರು. ಕುರಿಂಜಿಯೂ ಆ ಪಂಕ್ತಿಗೆ ಸೇರತಕ್ಕದ್ದು.

ಹೀಗೆ ಎಲ್ಲವೂ ಕೂಡಿ ಹೂಬಿಡುವದರಲ್ಲಿ ಗಿಡಕ್ಕೆ ಲಾಭವೇನೆಂಬದನ್ನು ಸಸ್ಯಶಾಸ್ತ್ರಜ್ಞರು ಒಂದು ರೀತಿಯಿಂದ ವಿವರಿಸುವರು. ವರ್ಷಕ್ಕಿಷ್ಟು ಬೀಜ ಬಿದ್ದರೆ ಇಲಿ, ಹಕ್ಕಿ, ಹುಳಗಳು ಅದನ್ನೆಲ್ಲ ತಿಂದು ಮುಗಿಸುವವು. ಹನ್ನೆರಡು ವರ್ಷ ಏನೂ ಕೊಡದೆ ಒಮ್ಮೆಗೆ ಅಪರಿಮಿತವಾಗಿ ಸುರಿದರೆ, ತಿನ್ನುವವರು ಹೊಟ್ಟೆ ತುಂಬ ತಿಂದ ಮೇಲೂ ಮೊಳೆಯುವದಕ್ಕೆ ಸಾಕಷ್ಟು ಉಳಿಯುವದು. ಯುಕ್ತಿಯೇನೋ ಒಳ್ಳೆಯದು. ಆದರೆ ಇದರಲ್ಲಿ ಒಂದು ದೊಡ್ಡ ಗಂಡಾಂತರವೂ ಅಡಗಿದೆ; ವಾಚಕರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಬೇಡುವೆನು. ಸಾಮಾನ್ಯವಾದ ಅಡವಿಯಲ್ಲಿ ಅಜ್ಜನೂ ಮಗನೂ ಮೊಮ್ಮಗನೂ ಒತ್ತಟ್ಟಿಗೆ ಇರುತ್ತಾರೆ. ಮುದಿಮರ ಕಡಿದರೆ ಸಸಿ ಉಳಿಯುವದು, ಸಸಿ ತುಳಿದರೆ ಮರವು ಮತ್ತೆ ಬೀಜ ಹಾಕುವದು. ಕುರಿಂಜಿಯ ಬೆಟ್ಟದಲ್ಲಿ ಎಲ್ಲವೂ ಒಂದೇ ವಯಸ್ಸಿನವು. ಹೂಬಿಡುವ ಮೊದಲು, ಹತ್ತನೆಯ ವರ್ಷದಲ್ಲಿಯೋ ಹನ್ನೊಂದನೆಯ ವರ್ಷದಲ್ಲಿಯೋ, ಆ ಇಳಿಜಾರನ್ನು ಅಗೆದು ಬೇರೆ ಬೆಳೆಯನ್ನು ನೆಟ್ಟರೆ, ಅಲ್ಲಿ ಬೀಜ ಹಾಕಿದ ಹಿರಿಯರೂ ಇಲ್ಲ, ಮುಂದೆ ಬರುವ ಕಿರಿಯರೂ ಇಲ್ಲ. ಒಂದೇ ಪೆಟ್ಟಿಗೆ ವಂಶವು ಮುಗಿಯುವದು.

ಹನ್ನೆರಡು ವರ್ಷ ಎಂಬ ಅವಧಿಯು ನಮ್ಮ ಜನಕ್ಕೆ ಅಪರಿಚಿತವಲ್ಲ. ಬೃಹಸ್ಪತಿಯು ರಾಶಿಚಕ್ರವನ್ನು ಸುತ್ತಿ ಬರುವದಕ್ಕೆ ಸುಮಾರು ಅಷ್ಟೇ ಕಾಲ ಬೇಕು. ನದಿಗಳ ಪುಷ್ಕರಗಳನ್ನು ಆ ಲೆಕ್ಕದಿಂದಲೇ ಆಚರಿಸುವರು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ನಮ್ಮ ಜಿಲ್ಲೆಯಿಂದ ಸಾವಿರಾರು ಜೈನ ಬಂಧುಗಳು ೨೦೦೬ರಲ್ಲಿಯೂ ೨೦೧೮ರಲ್ಲಿಯೂ ಹೋಗಿಬಂದರು. ಯೋಗಾಯೋಗವೋ ಏನೋ, ಅವೇ ಎರಡು ವರ್ಷಗಳಲ್ಲಿ ದಕ್ಷಿಣದ ಮುನ್ನಾರ್ ಬೆಟ್ಟಗಳಲ್ಲಿ ಕುರಿಂಜಿಯೂ ಹೂಬಿಟ್ಟಿತು. ಮನುಷ್ಯರು ಹನ್ನೆರಡು ವರ್ಷಕ್ಕೊಮ್ಮೆ ಬರುವದನ್ನು ಮರೆಯದೆ ಕಾಯಬಲ್ಲರೆಂಬದಕ್ಕೆ ಆ ಮಹೋತ್ಸವವೇ ಸಾಕ್ಷಿ. ಆದರೆ ಅಲ್ಲಿ ಕಾಯುವದಕ್ಕೆ ಮಠವಿದೆ, ಶಾಸನವಿದೆ, ಪರಂಪರೆಯಿದೆ. ಕುರಿಂಜಿಗೆ ಏನಿದ್ದಿತು?

ಅದಕ್ಕೂ ಸಾಕ್ಷಿಗಳು ಇಲ್ಲದಿಲ್ಲ. ತಮಿಳರ ಪ್ರಾಚೀನ ಸಂಘಸಾಹಿತ್ಯದಲ್ಲಿ ಭೂಮಿಯನ್ನು ಐದು ಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಸಸ್ಯದ ಹೆಸರಿಟ್ಟರು. ಅವುಗಳಲ್ಲಿ ಬೆಟ್ಟದ ಸೀಮೆಗೆ ಬಂದ ಹೆಸರು ಕುರಿಂಜಿ. ಬೆಟ್ಟದ ದೇವತೆ ಮುರುಗನಿಗೂ ಇದು ಪ್ರಿಯವಾದ ಹೂವು. ಹನ್ನೆರಡು ವರ್ಷಕ್ಕೊಮ್ಮೆ ಕಾಣುವ ಹೂವನ್ನು ಒಂದು ಸೀಮೆಗೇ ಹೆಸರಾಗಿ ಇಟ್ಟವರು, ಅದನ್ನು ಒಮ್ಮೆ ಕಂಡು ಬೆರಗಾಗಿ ಮರೆತವರಾಗಿರಲಿಕ್ಕಿಲ್ಲ; ತಲೆಮಾರಿನಿಂದ ತಲೆಮಾರಿಗೆ ಕಾದು ನೋಡಿದವರೇ ಆಗಿರಬೇಕು.

ಕನ್ನಡಿಗರ ಸಾಕ್ಷಿಯು ಇನ್ನೊಂದು ಬಗೆಯದು. ಚಾಮರಾಜನಗರದಲ್ಲಿ ೧೧೧೭ನೆಯ ಇಸವಿಯ ಒಂದು ಶಾಸನವಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೋದರನ್ನು ಬೆದರಿಸಿ, ಕೊಂಗರನ್ನು ಓಡಿಸಿ, ನೀಲಪರ್ವತವನ್ನು ಹೊಕ್ಕು ಅದನ್ನು ವಿಜಯಲಕ್ಷ್ಮಿಗೆ ಒಪ್ಪಿಸಿದನೆಂದು ಅದರಲ್ಲಿ ಹೇಳಿದೆ. ನೀಲಗಿರಿಯ ಹೆಸರನ್ನೂ ಅಲ್ಲಿಯ ತೋದರ ಹೆಸರನ್ನೂ ಹೇಳುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದು ಒಂದು. ಆ ಬೆಟ್ಟಕ್ಕೆ ನೀಲವೆಂಬ ಹೆಸರು ಈ ಹೂವಿನಿಂದ ಬಂದಿತೆಂದು ಲೋಕದಲ್ಲಿ ಹೇಳುವರು. ದೂರದ ಬೆಟ್ಟಗಳೆಲ್ಲವೂ ನೀಲಿಯಾಗಿಯೇ ಕಾಣುವದರಿಂದ ಶಾಸನದ ಒಂದು ಶಬ್ದದ ಮೇಲೆ ಅಷ್ಟು ಭಾರ ಹೊರಿಸುವದು ಸರಿಯಲ್ಲ. ಆದರೆ ಒಂದು ಮಾತು ನಿಶ್ಚಯ: ಒಂಬತ್ತು ನೂರು ವರ್ಷಗಳ ಹಿಂದೆ ಹೊಯ್ಸಳರ ದಂಡು ಏರಿದ ಆ ಬೆಟ್ಟವು ಬರಿದಾದ ಕಾಡಾಗಿರಲಿಲ್ಲ, ಎಮ್ಮೆಗಳನ್ನು ಮೇಯಿಸುವ ತೋದರ ಹುಲ್ಲುಗಾವಲಾಗಿದ್ದಿತು. ಕಾಲಾಂತರದಲ್ಲಿ ಮೈಸೂರು ಸೀಮೆಯಿಂದ ಅಲ್ಲಿಗೆ ವಲಸೆ ಹೋದ ಬಡಗರ ನುಡಿಯು ಇಂದಿಗೂ ಕನ್ನಡಕ್ಕೆ ಅತಿ ಸಮೀಪದ್ದಾಗಿದೆ. ಹುಲ್ಲು, ನಡುನಡುವೆ ಕಣಿವೆಗಳಲ್ಲಿ ದಟ್ಟವಾದ ಶೋಲೆಯ ಕಾಡು, ದಿಣ್ಣೆಗಳ ಮೇಲೆ ಕುರಿಂಜಿ: ದನಕಾಯುವ ಜನರೂ ಈ ಗಿಡವೂ ಶತಮಾನಗಳ ವರೆಗೆ ಒತ್ತಟ್ಟಿಗೆ ಬಾಳಿದುವು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಥೆಯು ತಿರುವು ಪಡೆಯಿತು. ೧೮೧೯ರಲ್ಲಿ ಕೊಯಮತ್ತೂರಿನ ಕಲೆಕ್ಟರನಾದ ಜಾನ್ ಸಲಿವನ್ ಎಂಬವನು ನೀಲಗಿರಿಯನ್ನು ಏರಿದನು. ಬೇಗನೆ ಉದಕಮಂಡಲವು ಬಿಳಿಯರ ಬೇಸಗೆಯ ಬೀಡಾಯಿತು. ಅದೇ ಕಾಲಕ್ಕೆ ಯುರೋಪದ ಪಂಡಿತರು ಈ ಗಿಡಗಳಿಗೆ ಶಾಸ್ತ್ರೀಯವಾದ ಹೆಸರುಗಳನ್ನು ಇಟ್ಟರು. ೧೮೨೬ರಲ್ಲಿ ಬ್ಲೂಮ್ ಎಂಬ ಪಂಡಿತನು ಈ ಕುಲಕ್ಕೆ ಸ್ಟ್ರೋಬಿಲಾಂಥಿಸ್ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಶಂಕುವಿನಾಕಾರದ ಹೂವೆಂದು ಅರ್ಥ. ಮುನ್ನೂರಕ್ಕೂ ಮಿಕ್ಕ ಜಾತಿಗಳುಳ್ಳ ಈ ಕುಲದಲ್ಲಿಯೇ ನಮ್ಮ ಕಾರವಿಯೂ ಕುರಿಂಜಿಯೂ ಸೇರಿವೆ. ೧೮೩೨ರಲ್ಲಿ ನೀಸ್ ಎಂಬ ಜರ್ಮನ್ ಪಂಡಿತನು ಕುರಿಂಜಿಯನ್ನು ಪ್ರತ್ಯೇಕವಾಗಿ ವರ್ಣಿಸಿದನು. ಬೆಳಗಾವಿಯು ಆಗ ಮುಂಬಯಿ ಇಲಾಖೆಯಲ್ಲಿದ್ದದರಿಂದ ನಮ್ಮ ಕಾಡಿನ ಸಸ್ಯಗಳ ವರ್ಣನೆಯು ಡಾಲ್‌ಜೆಲ್ ಮತ್ತು ಗಿಬ್ಸನ್ ಇವರು ೧೮೬೧ರಲ್ಲಿ ಪ್ರಕಟಿಸಿದ ಮುಂಬಯಿ ಇಲಾಖೆಯ ಸಸ್ಯಗ್ರಂಥದಲ್ಲಿಯೂ, ಮುಂದೆ ೧೯೦೧ರಿಂದ ೧೯೦೮ರ ವರೆಗೆ ಹೊರಟ ಕುಕ್ ಎಂಬವನ ಗ್ರಂಥದಲ್ಲಿಯೂ ಬಂದಿತು; ಕುರಿಂಜಿಯ ಶಿಖರಗಳು ಮದ್ರಾಸ್ ಇಲಾಖೆಯ ಗ್ರಂಥಗಳ ಪಾಲಿಗೆ ಹೋದುವು. ಪರ್ವತಕ್ಕೆ ಇಲಾಖೆಯ ಗಡಿಯಿಲ್ಲ, ಪುಸ್ತಕಗಳಿಗೆ ಇದ್ದಿತು. ಹೀಗಾಗಿ ಒಂದೇ ಶ್ರೇಣಿಯ ಸಸ್ಯಗಳ ಚರಿತ್ರೆಯು ಹರಿದು ಹಂಚಿಹೋಯಿತು.

ಹೂಬಿಟ್ಟ ವರ್ಷಗಳನ್ನು ಬರೆದಿಡುವ ಒಳ್ಳೆಯ ಪರಿಪಾಠವೂ ಆ ಕಾಲದಿಂದಲೇ ಆರಂಭವಾಯಿತು. ದಕ್ಷಿಣದ ಬೆಟ್ಟಗಳಲ್ಲಿ ೧೮೩೮, ೧೮೫೦, ೧೮೬೨, ೧೮೭೪ ಹೀಗೆ ಹನ್ನೆರಡು ಹನ್ನೆರಡರ ಹೆಜ್ಜೆಯಿಂದ ೨೦೧೮ರ ವರೆಗೆ ದಾಖಲೆಗಳು ಬಂದಿವೆ. ಎಣಿಸಿದರೆ ಹದಿನಾರು ಹೂಗಾಲಗಳು. ಆದರೆ ಇದೇ ವಿದ್ಯಾವಂತ ಜನರು ಇನ್ನೊಂದು ಕೆಲಸವನ್ನೂ ಮಾಡಿದರು. ಹುಲ್ಲುಗಾವಲಿನಲ್ಲಿ ಮರವಿಲ್ಲ, ಮರವಿಲ್ಲದ ಭೂಮಿಯಿಂದ ಕಂದಾಯವೂ ಇಲ್ಲ, ಸೌದೆಯೂ ಇಲ್ಲ, ಆದ್ದರಿಂದ ಅದು 'ಬೀಳು ಭೂಮಿ' ಎಂದು ಕಾಗದಪತ್ರಗಳಲ್ಲಿ ಬರೆದರು. ಬೀಳನ್ನು ಸಾರ್ಥಕ ಮಾಡುವದಕ್ಕಾಗಿ ಆಸ್ಟ್ರೇಲಿಯದಿಂದ ನೀಲಗಿರಿ ಮರವನ್ನೂ ವ್ಯಾಟಲ್ ಎಂಬ ಜಾಲಿಯ ಜಾತಿಯನ್ನೂ ತಂದು ನೆಟ್ಟರು. ಆ ಪರದೇಶದ ಮರಕ್ಕೇ ನಮ್ಮ ಜನರು 'ನೀಲಗಿರಿ' ಎಂದು ಹೆಸರಿಟ್ಟದ್ದು ಎಂಥ ವಿಪರ್ಯಾಸವೆಂಬದನ್ನು ವಾಚಕರು ವಿಚಾರಿಸಬೇಕು. ನೀಲಗಿರಿಯ ನಿಜವಾದ ನಿವಾಸಿಯನ್ನು ನೆರಳಿನಿಂದ ಕೊಂದ ಮರವು ಆ ಬೆಟ್ಟದ ಹೆಸರನ್ನೇ ಕಿತ್ತುಕೊಂಡಿತು.

ಬಿಸಿಲನ್ನೇ ನಂಬಿದ ಗಿಡಕ್ಕೆ ದಟ್ಟವಾದ ನೆರಳು ವಿಷವೇ ಸರಿ. ಸ್ವಾತಂತ್ರ್ಯಾನಂತರವೂ ಈ ನೀತಿಯು ಬದಲಾಗಲಿಲ್ಲ. ಬದಲಾಗಿ ಅದರ ವೇಗವು ಹೆಚ್ಚಿತು. ಚರ್ಮ ಹದಮಾಡುವದಕ್ಕೆ ವ್ಯಾಟಲಿನ ತೊಗಟೆಯೂ, ಕೃತ್ರಿಮ ರೇಶಿಮೆಯ ಕಾರಖಾನೆಗಳಿಗೆ ಅದರ ತಿರುಳೂ ಬೇಕಾದುವು. ಚಹದ ತೋಟಗಳು ಇಳಿಜಾರುಗಳನ್ನು ಆಕ್ರಮಿಸಿದುವು. ವ್ಯಾಟಲ್ ಮರವು ನೆಟ್ಟಲ್ಲಿ ನಿಲ್ಲದೆ ತಾನಾಗಿಯೇ ಹುಲ್ಲುಗಾವಲಿನೊಳಗೆ ನುಗ್ಗತೊಡಗಿತು. ಇದನ್ನು ಯಾರೂ ದುರುದ್ದೇಶದಿಂದ ಮಾಡಲಿಲ್ಲ. ಗಿಡ ನೆಡುವದು ಪುಣ್ಯದ ಕೆಲಸವೆಂದು ನಾವು ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿದೆವು. ನಾನೂ ವನಮಹೋತ್ಸವದ ದಿವಸ ಸಾಲಾಗಿ ನೀಲಗಿರಿಯ ಸಸಿಗಳನ್ನು ನೆಡಿಸಿದವನೇ. ಎಲ್ಲಿ ಯಾವ ಗಿಡ ನೆಡಬಾರದೆಂಬದನ್ನು ನಮಗೂ ಯಾರೂ ಕಲಿಸಿರಲಿಲ್ಲ.

ಕರ್ನಾಟಕದ ಬೆಟ್ಟಗಳ ಕಥೆಯೂ ಇದಕ್ಕೆ ತೀರ ಭಿನ್ನವಾದದ್ದಲ್ಲ. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಕ್ಕೆ ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತನು ಏಳು ಕಾಫಿ ಬೀಜಗಳನ್ನು ತಂದನೆಂದು ಪ್ರತೀತಿ. ಕ್ರಮೇಣ ಕಣಿವೆಗಳು ಕಾಫಿಯ ಪಾಲಾದುವು. ೧೯೨೩ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರಖಾನೆಗೆ ಅದೇ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಅದಿರು ಹೋಯಿತು. ಅದರ ಪಶ್ಚಿಮಕ್ಕಿರುವ ಕುದುರೆಮುಖದ ಹುಲ್ಲಿನ ಬೆಟ್ಟಗಳಲ್ಲಿ ೧೯೭೬ರಲ್ಲಿ ಸ್ಥಾಪಿತವಾದ ಸಂಸ್ಥೆಯು ಅದಿರನ್ನು ತೆಗೆಯಿತು. ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇತ್ತ ತೀರ್ಪಿನ ಪ್ರಕಾರ ೨೦೦೫ರ ಡಿಸೆಂಬರ ಕೊನೆಗೆ ಅಲ್ಲಿಯ ಗಣಿಯು ನಿಂತಿತು. ೨೦೧೨ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮ ಘಟ್ಟಗಳ ೩೯ ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕರ್ನಾಟಕಕ್ಕೆ ಅದರಲ್ಲಿ ಹತ್ತು. ಕುದುರೆಮುಖವು ಆ ಹತ್ತರಲ್ಲಿ ಇದೆ. ಬಾಬಾ ಬುಡನ್‌ಗಿರಿಯು ಇಲ್ಲ, ೨೦೧೧ರಲ್ಲಿ ಅಭಯಾರಣ್ಯವಾದ ನಮ್ಮ ಖಾನಾಪುರದ ಭೀಮಗಡವೂ ಇಲ್ಲ.

ಈಗ ರಕ್ಷಣೆಯ ಚರಿತ್ರೆಗೆ ಬರುವೆನು. ಇದರ ಆರಂಭವು ಸರಕಾರದಿಂದಾಗಲಿಲ್ಲ. ೧೯೮೯ರಲ್ಲಿ ಕೇರಳದ ಕೆಲವು ನಿಸರ್ಗಪ್ರೇಮಿಗಳು ಕುರಿಂಜಿಯನ್ನು ಉಳಿಸಬೇಕೆಂದು ಕೊಡೈಕೆನಾಲಿನಿಂದ ಮುನ್ನಾರಿನ ವರೆಗೆ ಬೆಟ್ಟದ ದಾರಿಯಿಂದ ಕಾಲ್ನಡಿಗೆಯಲ್ಲಿ ಹೋದರು. ಅವರು ನಡೆದ ವರ್ಷವು ಹೂವಿನ ವರ್ಷವಾಗಿರಲಿಲ್ಲ. ಹಿಂದಿನ ಹೂವು ೧೯೮೨ರಲ್ಲಿ ಮುಗಿದಿದ್ದಿತು, ಮುಂದಿನದಕ್ಕೆ ಇನ್ನೂ ಐದು ವರ್ಷ ಬೇಕಾಗಿದ್ದಿತು. ನೋಡುವದಕ್ಕೆ ಏನೂ ಇಲ್ಲದ ವರ್ಷದಲ್ಲಿ ನಡೆದರೆಂಬದೇ ನನಗೆ ಅತ್ಯಂತ ಮಹತ್ವದ್ದಾಗಿ ತೋರುವದು. ೨೦೦೬ರ ಹೂಗಾಲದಲ್ಲಿ ಕೇರಳ ಸರಕಾರವು ಇಡುಕ್ಕಿ ಜಿಲ್ಲೆಯ ೩೨ ಚದರ ಕಿಲೋಮೀಟರು ಪ್ರದೇಶವನ್ನು ಕುರಿಂಜಿಮಲ ಅಭಯಾರಣ್ಯವೆಂದು ಘೋಷಿಸಿತು. ಅಂಚೆಯ ಇಲಾಖೆಯವರು ಈ ಹೂವಿನ ಚಿತ್ರವುಳ್ಳ ಮುದ್ರೆಯನ್ನೂ ಹೊರಡಿಸಿದರು. ಆದರೆ ಆ ಅಭಯಾರಣ್ಯದ ಮೇರೆ ಗೊತ್ತುಮಾಡುವ ಹಾಗು ಅಲ್ಲಿಯ ರೈತರ ಹಕ್ಕುಗಳನ್ನು ಇತ್ಯರ್ಥ ಮಾಡುವ ಕೆಲಸವು ಮುಂದೆ ಬಹುಕಾಲ ಎಳೆದಾಡಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಮೊದಲು ರಕ್ಷಣೆ ಪಡೆದ ಸಸ್ಯಗಳು ಆರೇ ಆರು. ೨೦೨೨ರ ತಿದ್ದುಪಡಿಯಿಂದ ಆ ಪಟ್ಟಿಯು ಬೆಳೆದು, ಅದರಲ್ಲಿ ನೀಲಕುರಿಂಜಿಗೂ ಸ್ಥಳ ಸಿಕ್ಕಿತು. ಅದನ್ನು ಕೀಳುವದು ಈಗ ಅಪರಾಧವು.

೨೦೨೪ರಲ್ಲಿ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದವರು ತಮ್ಮ ಕೆಂಪು ಪಟ್ಟಿಯಲ್ಲಿ ಕುರಿಂಜಿಯನ್ನು ಮೊದಲ ಸಲ ತೂಗಿ ನೋಡಿ, 'ಅಪಾಯಕ್ಕೆ ಈಡಾಗುವಂಥದು' ಎಂಬ ವರ್ಗದಲ್ಲಿ ಇರಿಸಿದರು. ಅವರ ಎಣಿಕೆಯ ಮೇರೆಗೆ ಈ ಗಿಡದ ನೆಲೆಗಳು ಒಟ್ಟು ೩೪; ಅವುಗಳಲ್ಲಿ ೩೩ ಸಹ್ಯಾದ್ರಿಯವು, ಒಂದು ಮಾತ್ರ ಪೂರ್ವಘಟ್ಟಕ್ಕೆ ಸೇರಿದ ಏರ್ಕಾಡಿನ ಶೇವರಾಯ ಬೆಟ್ಟದ್ದು. ಲೋಕದಲ್ಲಿ ಬೇರೆಲ್ಲಿಯೂ ಇದು ಇಲ್ಲ. ಅದರ ವಾಸಸ್ಥಾನದಲ್ಲಿ ಸುಮಾರು ಶೇಕಡಾ ೪೦ ಭಾಗವು ಈಗಾಗಲೇ ನಷ್ಟವಾಗಿದೆ.

ಈ ವರ್ಗೀಕರಣದ ಒಳಗಿನ ಒಂದು ನಿಯಮವನ್ನು ವಾಚಕರಿಗೆ ತಿಳಿಸುವದು ಅವಶ್ಯ. ಒಂದು ಜೀವಿಯು ಎಷ್ಟು ಕ್ಷೀಣಿಸಿದೆ ಎಂಬದನ್ನು ಅವರು ಹತ್ತು ವರ್ಷಗಳ ಇಲ್ಲವೆ ಮೂರು ತಲೆಮಾರುಗಳ ಅವಧಿಯಲ್ಲಿ ಅಳೆಯುವರು. ಎರಡರಲ್ಲಿ ಯಾವದು ದೀರ್ಘವೋ ಅದನ್ನೇ ಹಿಡಿಯುವರು. ಆ ಅವಧಿಯಲ್ಲಿ ಶೇಕಡಾ ೩೦ ಅಥವಾ ಅದಕ್ಕೂ ಹೆಚ್ಚು ಕಡಿಮೆಯಾಗಿದ್ದರೆ ಈ ವರ್ಗಕ್ಕೆ ಬರುವದು. ೫೦ ಮೀರಿದರೆ ಇನ್ನೂ ಕೆಟ್ಟ ವರ್ಗಕ್ಕೆ. ಕುರಿಂಜಿಗೆ ಹನ್ನೆರಡು ವರ್ಷಕ್ಕೊಂದು ತಲೆಮಾರು. ಮೂರು ತಲೆಮಾರಿಗೆ ಮೂವತ್ತಾರು ವರ್ಷ. ಅಂದರೆ ಒಬ್ಬ ಶಿಕ್ಷಕನು ಕೆಲಸಕ್ಕೆ ಸೇರಿ ನಿವೃತ್ತನಾಗುವಷ್ಟು ಕಾಲದಲ್ಲಿ ಈ ಗಿಡಕ್ಕೆ ಏನಾಯಿತೆಂಬದನ್ನು ಅರಿಯಬೇಕು. ಅಷ್ಟು ಕಾಲದ ಲೆಕ್ಕವನ್ನು ಇಟ್ಟವರು ಯಾರು? ಅರಣ್ಯಾಧಿಕಾರಿಯು ಒಂದು ಸ್ಥಳದಲ್ಲಿ ಮೂರು ನಾಲ್ಕು ವರ್ಷವಿದ್ದು ವರ್ಗವಾಗಿ ಹೋಗುವನು. ಒಂದೇ ಹುದ್ದೆಯಲ್ಲಿದ್ದು ಒಂದೇ ಬೆಟ್ಟದ ಹೂವನ್ನು ಎರಡು ಸಲ ಕಂಡ ಅಧಿಕಾರಿಯು ಸಿಕ್ಕುವದು ದುರ್ಲಭ. ಪ್ರವಾಸಿಯು ಒಂದು ಸಲ ಬರುವನು. ವೃತ್ತಪತ್ರಿಕೆಯು ಹೂವಿದ್ದಾಗ ಬರೆಯುವದು. ನಡುವಿನ ಹನ್ನೊಂದು ವರ್ಷಗಳಿಗೆ ಸಾಕ್ಷಿಯೇ ಇಲ್ಲ.

ಇದು ನನ್ನ ಕಣ್ಣಿಗೇ ಬಿದ್ದ ಸಂಗತಿ. ೨೦೨೨ರ ಶರತ್ಕಾಲದಲ್ಲಿ ಬಾಬಾ ಬುಡನ್‌ಗಿರಿಯ ಇಳಿಜಾರುಗಳಲ್ಲಿ ನೀಲಕುರಿಂಜಿಯು ಹೂಬಿಟ್ಟಿತೆಂಬ ವಾರ್ತೆಯು ಎಲ್ಲ ಪತ್ರಿಕೆಗಳಲ್ಲಿ ಬಂದಿತು. ದಕ್ಷಿಣದ ಬೆಟ್ಟಗಳ ಹೂಗಾಲವು ೨೦೧೮ರಲ್ಲಿ, ಇಲ್ಲಿಯದು ೨೦೨೨ರಲ್ಲಿ. ಒಂದೊಂದು ಬೆಟ್ಟಕ್ಕೆ ಒಂದೊಂದು ಪಂಚಾಂಗವೆಂಬದು ಇದರಿಂದ ಸ್ಪಷ್ಟವಾಗುವದು. ಬೆಳಗಾವಿಯಿಂದ ನಾವು ನಾಲ್ವರು ನಿವೃತ್ತರು ಕೂಡಿ ಹೋದೆವು. ಹೂವಿನ ಸೊಬಗನ್ನು ವರ್ಣಿಸಲಾರೆನು. ಆ ದಿನದ ಜನಸಂದಣಿಯನ್ನು ಮಾತ್ರ ಹೇಳಬಲ್ಲೆನು. ಮೋಟಾರುಗಳು ದಾರಿಯ ಎರಡೂ ಬದಿಗೆ ಹುಲ್ಲಿನ ಮೇಲೆ ನಿಂತಿದ್ದುವು. ಮಕ್ಕಳು ಗೊಂಚಲುಗಳನ್ನು ಕಿತ್ತು ಆಡುತ್ತಿದ್ದರು. ಸಭ್ಯರಂತೆ ಕಾಣುವ ಒಬ್ಬ ಗೃಹಸ್ಥರು ಹೂವಿದ್ದ ಗಿಡವೊಂದನ್ನು ಬೇರುಸಹಿತ ಅಗೆದು ಚೀಲದಲ್ಲಿ ಇಡುತ್ತಿದ್ದರು. ಮನೆಯ ಹಿತ್ತಲಲ್ಲಿ ನೆಡುವರಂತೆ. ಇದು ಅದು ಸಾಯುವ ವರ್ಷ, ನೆಟ್ಟರೆ ಬದುಕದು ಎಂದು ನಾನು ಹೇಳಿದೆನು, ಅವರು ನಂಬಲಿಲ್ಲ. ಅವರನ್ನು ದೂಷಿಸುವ ಅಧಿಕಾರವು ನನಗೂ ಇಲ್ಲ. ಆ ದಿವಸ ನಾನೂ ಒಂದು ಚಿಕ್ಕ ಟೊಂಗೆಯನ್ನು ಮುರಿದು ಪುಸ್ತಕದ ಪುಟಗಳ ನಡುವೆ ಇಟ್ಟುಕೊಂಡು ಬಂದೆನು. ಆ ಟೊಂಗೆಯಲ್ಲಿ ಬೀಜವಾಗಬೇಕಾಗಿದ್ದ ಹೂಗಳು ಇಂದು ನನ್ನ ಕೋಣೆಯಲ್ಲಿ ಕಂದುಬಣ್ಣಕ್ಕೆ ತಿರುಗಿ ಕುಳಿತಿವೆ.

ಎರಡು ವರ್ಷಗಳ ತರುವಾಯ ಬಂಧುಗಳ ಮನೆಯ ಮಂಗಲಕಾರ್ಯಕ್ಕೆಂದು ಚಿಕ್ಕಮಗಳೂರಿಗೆ ಹೋದಾಗ ಅದೇ ಇಳಿಜಾರಿಗೆ ಹೋದೆನು. ಒಂದೂ ಮೋಟಾರು ಇರಲಿಲ್ಲ. ಹಳೆಯ ಗಿಡಗಳ ಒಣಗಿದ ಕಡ್ಡಿಗಳು ಅಲ್ಲಲ್ಲಿ ನಿಂತಿದ್ದುವು. ಬಗ್ಗಿ ನೋಡಿದರೆ ಹುಲ್ಲಿನೊಳಗೆ ಗೇಣುದ್ದದ ಸಸಿಗಳು ಕಂಡುವು. ಮೋಟಾರುಗಳು ನಿಂತಿದ್ದ ಪಟ್ಟಿಯಲ್ಲಿ ಮಾತ್ರ ನೆಲವು ಗಟ್ಟಿಯಾಗಿ, ಸಸಿಯ ಸುಳಿವೇ ಇರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹುಡುಗನು ನಾನು ಬಗ್ಗಿದ್ದನ್ನು ಕಂಡು ನಿಂತನು. ಇಲ್ಲಿ ಏನಿದೆ ಬಲ್ಲೆಯಾ ಎಂದು ಕೇಳಿದೆನು. "ಏನೂ ಇಲ್ಲ ಅಜ್ಜಾ, ಬರೀ ಹುಲ್ಲು" ಎಂದನು. ಹತ್ತೊಂಬತ್ತನೆಯ ಶತಮಾನದ ಕಂದಾಯದ ಕಾಗದಗಳು ಹೇಳಿದ್ದೂ ಇದನ್ನೇ. ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆತನಿಗೆ ಅದನ್ನು ತೋರಿಸಬೇಕಾದ ಶಿಕ್ಷಕರ ಪಂಕ್ತಿಯಲ್ಲಿಯೇ ನಾನೂ ಇದ್ದೆನಲ್ಲವೆ?

ಆದ್ದರಿಂದ ನನ್ನ ಅಭಿಪ್ರಾಯವು ಇಷ್ಟು. ಕುರಿಂಜಿಯ ಅಳಿವು-ಉಳಿವುಗಳು ಹೂವಿನ ವರ್ಷದಲ್ಲಿ ನಿರ್ಣಯವಾಗುವದಿಲ್ಲ. ಹೂವಿಲ್ಲದ ಹನ್ನೊಂದು ವರ್ಷಗಳಲ್ಲಿ ನಿರ್ಣಯವಾಗುವವು. ಆ ವರ್ಷಗಳಲ್ಲಿ ದಾರಿ ಅಗಲವಾಗುವದು, ವಸತಿಗೃಹವು ಏಳುವದು, ಬೆಂಕಿ ಬೀಳುವದು, ಮರ ನೆಡುವವರು ಬರುವರು; ಮತ್ತು ಯಾರೂ ತಪ್ಪು ಮಾಡಿದೆವೆಂದು ತಿಳಿಯುವದಿಲ್ಲ, ಯಾಕಂದರೆ ಅಲ್ಲಿ ಏನೂ ಇಲ್ಲವೆಂದು ಎಲ್ಲರೂ ಬಲ್ಲರು. ಕಾಯಿದೆಯಾಯಿತು, ಪಟ್ಟಿಯಾಯಿತು, ಇವೆರಡೂ ಬೇಕು. ಆದರೆ ಹೂವನ್ನು ಕಿತ್ತವನನ್ನು ಹಿಡಿಯುವದು ಸುಲಭ. ಹೂವಾಗಬೇಕಾದ ಹುಲ್ಲುಗಾವಲನ್ನು ಬೀಳೆಂದು ಬರೆದ ಲೇಖನಿಯನ್ನು ಹಿಡಿಯುವದು ಕಠಿಣ. ಮೊದಲು ಆ ಶಬ್ದವನ್ನು ನಮ್ಮ ಕಾಗದಗಳಿಂದಲೂ ನಮ್ಮ ಪಾಠಗಳಿಂದಲೂ ತೆಗೆಯಬೇಕು. ಹುಲ್ಲುಗಾವಲು ಎಂದರೆ ಮರವಿಲ್ಲದ ಕಾಡಲ್ಲ. ಅದು ತನ್ನದೇ ಆದ ಒಂದು ಸೃಷ್ಟಿ.

ಇಷ್ಟು ದೂರದ ಬೆಟ್ಟದ ಮಾತು ನಮಗೇಕೆಂದು ಕೇಳುವವರು ಇರಬಹುದು. ಅವರಿಗೆ ಖಾನಾಪುರದ ಆ ವೃದ್ಧೆಯ ಗೋಡೆಯನ್ನು ನೆನಪಿಗೆ ತರುವೆನು. ಅಂಥ ಗೋಡೆಗಳು ಈಗ ಬಹಳ ಉಳಿದಿಲ್ಲ. ಸಿಮೆಂಟಿನ ಮನೆಯಲ್ಲಿ ಬೆಳೆದ ಮೊಮ್ಮಕ್ಕಳು ಕಾರವಿಯಿಂದ ವರ್ಷ ಎಣಿಸಲಾರರು. ಮನೆಯು ಪಕ್ಕಾ ಆದದ್ದು ಒಳ್ಳೆಯದೇ. ಮಳೆಗಾಲಕ್ಕೆ ಸೋರುವ ಗೋಡೆಯನ್ನು ಹೊಗಳುವದು ಪೇಟೆಯಲ್ಲಿ ಕುಳಿತವರ ಮಾತಾದೀತು. ಆದರೆ ಗೋಡೆಯ ಸಂಗಡ ಲೆಕ್ಕವೂ ಹೋಗಬೇಕೆಂಬ ನಿಯಮವೇನೂ ಇಲ್ಲ. ಇಂದು ಕಾರವಿಯು ವಿಪುಲವಾಗಿದೆ. ಒಂದಾನೊಂದು ಕಾಲಕ್ಕೆ ಕುರಿಂಜಿಯೂ ಹಾಗೆಯೇ ಇದ್ದಿತು.

ನಮ್ಮ ಸಭೆಯ ಸದಸ್ಯರಲ್ಲಿ ನನ್ನ ವಿನಂತಿಯೊಂದಿದೆ. ಜಾಂಬೋಟಿ, ಕಣಕುಂಬಿ, ಭೀಮಗಡ, ಚೋರ್ಲಾ ಘಟ್ಟಗಳ ಕಡೆಗೆ ಬಂಧುಬಳಗವುಳ್ಳವರು, ತಮ್ಮ ಮನೆಯ ಹಿರಿಯರನ್ನು ಕೇಳಿ, ಕಾರವಿಯು ಯಾವ ಊರಿನ ಯಾವ ಇಳಿಜಾರಿನಲ್ಲಿ ಯಾವ ವರ್ಷ ಹೂಬಿಟ್ಟಿತೆಂಬದನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಬೇಕು. ಇಸವಿ ನೆನಪಿಲ್ಲದಿದ್ದರೆ 'ಮಗಳ ಮದುವೆಯ ವರ್ಷ', 'ದೊಡ್ಡ ಮಳೆಯ ವರ್ಷ' ಎಂದು ಬರೆದರೂ ಸಾಕು. ಇಸವಿಯನ್ನು ನಾವು ಹುಡುಕಿಕೊಳ್ಳುವೆವು. ಹೂವಿಲ್ಲದ ವರ್ಷದಲ್ಲಿ ಅಲ್ಲಿ ಗಿಡವಿದೆಯೋ ಇಲ್ಲವೋ ಎಂಬದನ್ನೂ ಅವಶ್ಯವಾಗಿ ತಿಳಿಸಬೇಕು. ಇದಕ್ಕೆಂದು ಒಂದು ವಹಿಯನ್ನು ನಾನು ತಂದು ಗೆರೆ ಎಳೆದು ಇಟ್ಟಿರುವೆನು. ಮೂವತ್ತಕ್ಕೂ ಹೆಚ್ಚು ವರ್ಷ ಹಾಜರಿ ಪುಸ್ತಕ ತುಂಬಿದ ಕೈಗೆ ಇದು ಹೊಸ ಕೆಲಸವಲ್ಲ. ಶಾಲೆಯಲ್ಲಿ ಹೆಸರು ಕೂಗಿದಾಗ ಉತ್ತರ ಬರದಿದ್ದರೆ ಗೈರುಹಾಜರಿ ಬರೆಯುತ್ತಿದ್ದೆವು. ಈ ವಿದ್ಯಾರ್ಥಿಯು ಎಂಟು ವರ್ಷಕ್ಕೊಮ್ಮೆ, ಬೆಟ್ಟದ ಮೇಲಿನವನು ಹನ್ನೆರಡು ವರ್ಷಕ್ಕೊಮ್ಮೆ, ಉತ್ತರ ಕೊಡುವನು; ಅಲ್ಲಿಯ ವರೆಗೆ ಅವನ ಹೆಸರನ್ನು ಪಟ್ಟಿಯಿಂದ ತೆಗೆಯದೆ ದಿನವೂ ಕೂಗುತ್ತಿರಬೇಕು. ವಹಿಯ ಮೊದಲನೆಯ ಸಾಲಿನಲ್ಲಿ ಆ ವೃದ್ಧೆಯ ಊರನ್ನೂ ಆಕೆಯ ಎರಡು ಕಾರವಿಗಳನ್ನೂ ಬರೆದಿರುವೆನು. ಎರಡನೆಯ ಸಾಲು ಖಾಲಿ ಇದೆ.